ವಿಶಾಖಪಟ್ಟಣದ ಮೇಜಿನ ಮೇಲೆ ಅವ್ವನ ಮಾದಲಿ

ಆ ಮಧ್ಯಾಹ್ನ ವಿಶಾಖಪಟ್ಟಣದ ಆ ದೊಡ್ಡ ರೆಸ್ಟೋರೆಂಟಿನಲ್ಲಿ ನಾನು ಏನು ಹೇಳಿದೆ ಎಂಬುದು ನನಗೆ ಖಚಿತವಿಲ್ಲ. ನನ್ನ ತಂಗಿ ಶಕುಂತಲಾ ಹೇಳುವ ಪ್ರಕಾರ ನಾನು ಎದ್ದು ನಿಂತು ಭಾಷಣ ಮಾಡಿದೆ. ಅವಳ ಗಂಡ ಬಸವರಾಜನ ಪ್ರಕಾರ ನಾನು ಹೇಳಿದ್ದು ಒಂದೇ ವಾಕ್ಯ, ಅದೂ ಅರ್ಧ. ನನ್ನ ನೆನಪಿನಲ್ಲಿ ನಾನು ಕೂತೇ ಇದ್ದೆ, ಮೂರು ವಾಕ್ಯ ಹೇಳಿದೆ, ಮೂರೂ ಮೃದುವಾಗಿದ್ದವು. ನಾನು ಓದಿದ್ದು ಇತಿಹಾಸ, ಪಾಠ ಮಾಡಿದ್ದೂ ಅದನ್ನೇ. ಮೂರು ಸಾಕ್ಷಿಗಳು ಮೂರು ತರಹ ಹೇಳಿದರೆ ತನಗೆ ಅನುಕೂಲವಾಗುವಂತೆ ಹೇಳುವವನನ್ನು ಮೊದಲು ಅನುಮಾನಿಸಿ ಅಂತ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವನು. ಆ ನಿಯಮದಂತೆ ಇಲ್ಲಿ ಮೊದಲು ಅನುಮಾನಿಸಬೇಕಾದವನು ನಾನೇ.

ಇನ್ನೊಂದು ತಕರಾರನ್ನೂ ಈಗಲೇ ಮುಗಿಸಿಬಿಡುತ್ತೇನೆ. ಈ ಪ್ರಯಾಣವನ್ನು ನಾನು ಪರದೇಶ ಯಾತ್ರೆ ಅನ್ನುತ್ತೇನೆ, ಹಾಗೆ ಅನ್ನುವವನ ಬಳಿ ಪಾಸ್‌ಪೋರ್ಟ್ ಇರಬೇಕು. ನಾನು ದಾಟಿದ್ದು ರಾಜ್ಯದ ಗಡಿಯನ್ನಷ್ಟೇ. ಆದರೆ ಶಕುಂತಲಾ ಮದುವೆಯಾಗಿ, ನೌಕಾಪಡೆಯಲ್ಲಿದ್ದ ಬಸವರಾಜನ ಜೊತೆ ವಿಶಾಖಪಟ್ಟಣಕ್ಕೆ ಹೊರಟ ದಿನದಿಂದ ನಮ್ಮವ್ವ ಆ ಊರನ್ನು ಪರದೇಶ ಅಂತಲೇ ಕರೆದಳು. ಸಾಯುವತನಕ ಹೆಸರು ಬದಲಿಸಲಿಲ್ಲ.

ವಿಜಯವಾಡ

ವಿಜಯವಾಡಕ್ಕೆ ಹೋದದ್ದು ಒಬ್ಬ ಸಂಶೋಧನಾ ವಿದ್ಯಾರ್ಥಿಯ ಮೌಖಿಕ ಪರೀಕ್ಷೆಗೆ. ಅದು ಬೇಗ ಮುಗಿಯಿತು. ಹಸಿದಿದ್ದೆ. ಹತ್ತಿರದ ಒಂದು ಮೆಸ್ಸಿಗೆ ಹೊಕ್ಕು, ಬಾಳೆಲೆಯ ಮುಂದೆ ಕೂತು, ಅನ್ನ ಬಿದ್ದ ತಕ್ಷಣ ಎದುರಿಗಿದ್ದ ಬಕೆಟ್ಟಿನಿಂದ ಸಾರು ಸುರಿದುಕೊಂಡೆ.

"ಆಗಂಡಿ ಸಾರ್, ಆಗಂಡಿ!" ನಿಲ್ಲಿ ನಿಲ್ಲಿ ಅಂತ ಬಡಿಸುವ ಹಿರಿಯರೊಬ್ಬರು ಓಡಿಬಂದರು. ಬೆಂಕಿ ಬಿದ್ದಿದೆಯೇನೋ ಅಂತ ನಾನು ಹಿಂದೆ ತಿರುಗಿ ನೋಡಿದೆ. ಬೆಂಕಿಯಲ್ಲ, ನಾನು ಊಟದ ಕ್ರಮ ತಪ್ಪಿದ್ದೆ. ಅಲ್ಲಿ ಮೊದಲು ಪುಡಿ ಮತ್ತು ತುಪ್ಪ, ಆಮೇಲೆ ಪಪ್ಪು ಅನ್ನುವ ಗಟ್ಟಿ ತೊವ್ವೆ, ಪಲ್ಯ, ಹುಳಿ, ಸಾರು, ಕೊನೆಗೆ ಮೊಸರು. ಅವರು ನನ್ನ ಸಾರಿನ ಅನ್ನವನ್ನು ಎಲೆಯ ಒಂದು ಮೂಲೆಗೆ ಸರಿಸಿ, ಅದನ್ನು ಅಲ್ಲಿಯೇ ಕಾಯಲು ಬಿಟ್ಟು, ಇನ್ನೊಂದು ಕಡೆ ಹೊಸ ಅನ್ನ ಹಾಕಿ, ಪುಡಿ ಹಾಕಿ, ತುಪ್ಪ ಬಿಟ್ಟು, ನಾನು ಕಲಸುವುದನ್ನು ನಿಂತು ನೋಡಿದರು. ಮೊದಲ ತುತ್ತು ಬಾಯಿಗೆ ಹೋದ ಮೇಲೆಯೇ ಜಾಗ ಬಿಟ್ಟು ಕದಲಿದರು. ಧಾರವಾಡದಲ್ಲಿ ನಾವು ರೊಟ್ಟಿಯ ಮೇಲೆ ಏನು ಹಾಕಿಕೊಂಡರೂ ಯಾರೂ ಕೇಳುವುದಿಲ್ಲ. ಇಲ್ಲಿ ಒಬ್ಬ ಅಪರಿಚಿತನ ಊಟ ಕೆಡಬಾರದೆಂದು ಇನ್ನೊಬ್ಬ ಅಪರಿಚಿತ ಓಡಿಬಂದಿದ್ದರು. ನನಗೆ ಮುಜುಗರವಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು.

ಮೊಸರನ್ನಕ್ಕೆ ಬರುವಷ್ಟರಲ್ಲಿ ಫೋನ್ ಬಂತು. ಶಕುಂತಲಾಳ ಮಗಳು ಪಲ್ಲವಿ. ಹುಟ್ಟಿದ್ದು, ಬೆಳೆದದ್ದು, ಓದಿದ್ದು ಎಲ್ಲ ವಿಶಾಖಪಟ್ಟಣದಲ್ಲೇ. ಅಲ್ಲಿಯ ಸಮುದ್ರದಂಡೆಯ ಆ ರೆಸ್ಟೋರೆಂಟಿನಲ್ಲಿ ಸಿಹಿ ಮಾಡುವ ವಿಭಾಗದಲ್ಲಿದ್ದಾಳೆ.

"ಮಾಮಾ, ವಿಜಯವಾಡಕ್ಕ ಬಂದೀರಂತ? ಅಂದ್ರ ಮನೀ ಬಾಗ್ಲಿಗೇ ಬಂದಂಗ. ಬುಧವಾರ ನಮ್ಮಲ್ಲಿ ಲಂಚಿಗೆ ಬರ್ಬೇಕು. ಬರ್ಲಿಲ್ಲಂದ್ರ ನನ್ ಕಥಿ ಮುಗೀತು, ಅಂತೇ."

ಆ 'ಅಂತೇ' ತೆಲುಗಿನದು. ಅಷ್ಟೇ ಅಂತ ಅರ್ಥ. ಅವಳು ಒಂದೇ ಉಸಿರಿಗೆ ವಿಷಯ ಹೇಳಿದಳು. ಆ ರೆಸ್ಟೋರೆಂಟಿನಲ್ಲಿ ಪ್ರತಿ ತಿನಿಸಿನ ಜೊತೆ ಅದರ ಕಥೆಯನ್ನೂ ಬಡಿಸುತ್ತಾರೆ. ಯಾರ ಮನೆಯದು, ಯಾರು ಮಾಡುತ್ತಿದ್ದರು ಅಂತ ಬಡಿಸುವವರು ಮೇಜಿನ ಪಕ್ಕ ನಿಂತು ಹೇಳುತ್ತಾರೆ. ಕಥೆ ನಿಜವಿರಬೇಕು ಎಂಬುದು ಮುಖ್ಯ ಶೆಫ್ ಪ್ರಸಾದ್ ಅವರ ಕಟ್ಟುನಿಟ್ಟು. ಹಿಂದೆ ಅಡುಗೆಯವನೊಬ್ಬ ತನ್ನ ತಾತ ಮೀನುಗಾರ, ದೋಣಿಯಲ್ಲೇ ಕುದಿಸುತ್ತಿದ್ದ ಸಾರು ಇದು ಅಂತ ಬರೆದುಕೊಟ್ಟಿದ್ದ. ತಾತ ಒಂದು ದಿನ ಊಟಕ್ಕೆ ಬಂದರು. ಬ್ಯಾಂಕ್ ಅಧಿಕಾರಿಯಾಗಿ ನಿವೃತ್ತರಾದವರು, ದೋಣಿ ಹತ್ತಿದರೆ ತಲೆ ಸುತ್ತುತ್ತದೆ ಅಂದರು. ಸಾರು ಅಂದೇ ಮೆನು ಕಾರ್ಡಿನಿಂದ ಹೋಯಿತು.

ಪಲ್ಲವಿ ತನ್ನ ಅಜ್ಜಿಯ, ಅಂದರೆ ನಮ್ಮವ್ವನ, ಮಾದಲಿಯನ್ನು ಇಟ್ಟಿದ್ದಳು. ಮೂರು ವಾರದಿಂದ ಪರೀಕ್ಷೆಯ ಮೇಲಿತ್ತು. ಸೋಮವಾರ ಹೊಸ ಕಾರ್ಡು ಅಚ್ಚಿಗೆ ಹೋಗಬೇಕು. ಮಾದಲಿ ಅದರಲ್ಲಿ ಉಳಿದರೆ ಸಿಹಿಯ ವಿಭಾಗ ಅವಳ ಕೈಗೆ ಬರುತ್ತದೆ. ಇಲ್ಲವಾದರೆ ಇನ್ನೂ ಎಷ್ಟು ವರ್ಷವೋ ಬೇರೆಯವರ ಕೈಕೆಳಗೆ ಬೆಣ್ಣೆ ಕಡೆಯುವುದು.

"ನಮ್ಮಪ್ಪಾಜಿ ಪ್ರಸಾದ್‌ಗಾರ ಮುಂದ ಹೇಳಿಬಿಟ್ಟಾರ. ಹುಡುಗೀ ಮಾಮಾ ಇತಿಹಾಸದ ಪ್ರೊಫೆಸರ್, ಅವರೇ ಬಂದು ಸಾಕ್ಷಿ ಹೇಳ್ತಾರ ಅಂತ."

ಮೊಸರನ್ನವನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದೆ.

ದುವ್ವಾಡ

ಪಲ್ಲವಿ ಹೇಳಿದ 'ಮನೀ ಬಾಗ್ಲು' ರೈಲಿನಲ್ಲಿ ಆರು ತಾಸಿನ ದೂರವಿತ್ತು. ಅನಕಾಪಲ್ಲಿಯಲ್ಲಿ ಒಬ್ಬ ಹೆಂಗಸು ದೊಡ್ಡ ಚೀಲದೊಂದಿಗೆ ಹತ್ತಿದಳು, ಬೋಗಿಯ ತುಂಬ ಬೆಲ್ಲದ ಘಮ. ಎದುರು ಸೀಟಿನವರು ನನ್ನನ್ನು ಕೇಳಿದರು: "ಎಲ್ಲಿ ಇಳಿಯುತ್ತೀರಿ?" ವಿಶಾಖಪಟ್ಟಣ ಅಂದೆ. "ಈ ಗಾಡಿ ವಿಶಾಖಪಟ್ಟಣದೊಳಗೆ ಹೋಗುವುದಿಲ್ಲವಲ್ಲ! ದುವ್ವಾಡದಲ್ಲಿ ಇಳಿಯಬೇಕು."

ದುವ್ವಾಡ ಆಗಲೇ ಬಂದಿತ್ತು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಕೈಯಲ್ಲಿ. ಹಾಗೆ ಇಳಿದೆ. ಪ್ಲಾಟ್‌ಫಾರ್ಮಿನಲ್ಲಿ ಬಸವರಾಜ ನಗುತ್ತ ನಿಂತಿದ್ದ. ನೌಕಾಪಡೆಯಿಂದ ನಿವೃತ್ತನಾದ ಮೇಲೆ ದುವ್ವಾಡದ ಕೈಗಾರಿಕಾ ವಲಯದ ಒಂದು ಕಂಪನಿಯಲ್ಲಿ ಉಗ್ರಾಣ ನೋಡಿಕೊಳ್ಳುತ್ತಾನೆ.

"ವಿಶಾಖಪಟ್ಟಣಂ ಸ್ಟೇಷನ್ ಅಂತ ಹೇಳಿದ್ಯಲ್ಲಪ್ಪ ನೀನು" ಅಂದೆ.

"ಮೂರ ಸಲ ದುವ್ವಾಡ ಅಂದೀನ್ರಿ ಅಣ್ಣಾರ. ನಾಕನೇ ಸಲ ಹೇಳೂದ್ರಾಗ ನೀವ ಫೋನ್ ಇಟ್ರಿ."

ಇರಬಹುದು. ಆದರೆ ಅವನು ವಿಶಾಖಪಟ್ಟಣಂ ಅಂದದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು, ಧ್ವನಿಯ ಸಮೇತ. ಸ್ಪಷ್ಟವಾಗಿ ನೆನಪಿರುವುದು ನಿಜವಾಗಿಯೇ ಇರಬೇಕಿಲ್ಲ ಎಂಬುದಕ್ಕೆ ನನ್ನ ಕೈಯಲ್ಲಿದ್ದ ಚಪ್ಪಲಿಯೇ ಸಾಕ್ಷಿ. ಇಂಥವನನ್ನು ನಾಳೆ ಸಾಕ್ಷಿಗೆ ಕೂರಿಸುತ್ತಾರೆ.

ಎಂವಿಪಿ ಕಾಲೋನಿ

ತಂಗಿಯ ಮನೆ ಎಂವಿಪಿ ಕಾಲೋನಿಯಲ್ಲಿ, ಮೂರನೇ ಮಹಡಿ. ಕೆಳಗೆ ಸಾಲು ಸಾಲು ಸ್ಕೂಟರುಗಳು, ಎದುರಿಗೆ ಒಂದು ಕೋಚಿಂಗ್ ಸೆಂಟರ್. ಮೆಟ್ಟಿಲಲ್ಲಿ ಎದುರಾದ ನೆರೆಯವರೆಲ್ಲ "ಭೋಜನಂ ಅಯಿಂದಾ ಅಂಡಿ?" ಅಂತ ಊಟದ ವಿಚಾರ ಕೇಳಿದರು. ಶಕುಂತಲಾಳ ಮಾತೂ ಬದಲಾಗಿದೆ. ಸಿಟ್ಟು ಬಂದರೆ ನಮ್ಮೂರು ಅಣ್ಣಿಗೇರಿಯ ಕನ್ನಡ, ಅಕ್ಕಪಕ್ಕದವರ ಜೊತೆ ತೆಲುಗು, ದೇವರ ಮುಂದೆ ಎರಡೂ.

ಪಲ್ಲವಿ ಆ ಸಂಜೆ ಬಂದವಳೇ ನನ್ನ ಕಾಲು ಮುಟ್ಟಿ, ಪಕ್ಕದಲ್ಲಿ ಕೂತಳು. ಬೆರಳ ತುದಿಗಳಲ್ಲಿ ಸುಟ್ಟ ಕಲೆಗಳಿದ್ದವು.

"ಒಂದು ಚಮಚ ಈಗಲೇ ಕೊಡು, ನೋಡೋಣ" ಅಂದೆ.

"ಅಯ್ಯೋ, ಬ್ಯಾಡ್ರಿ. ಮೊದ್ಲ ತಿಂದ್ರ ಸಾಕ್ಷಿ ಕೆಡ್ತೈತಿ ಅಂತ ನೀವೇ ಅಂತೀರಲ್ಲ."

"ಹೇಳೂದನ್ನೆಲ್ಲ ಕೇಳಿಸ್ಕೊಂಡಾಳ ನೋಡು" ಅಂತ ಶಕುಂತಲಾ ನಕ್ಕಳು. ಆಮೇಲೆ ಒಳಗಿನಿಂದಲೇ ಕೂಗಿ ಹೇಳಿದಳು: "ಅಣ್ಣಾ, ನಾಳೆ ನಿನ್ನ ಪಾಂಡಿತ್ಯ ತಗೀಬ್ಯಾಡ. ಹುಡುಗೀ ಜೀವನ ಐತಿ."

"ನಿಜಾನೇ ಹೇಳ್ರಿ ಮಾಮಾ" ಅಂದಳು ಪಲ್ಲವಿ, ಮೆಲ್ಲಗೆ. "ಆದ್ರ ನಿಜ ಚೊಲೋ ಇರ್ಲಿ."

ಸಮುದ್ರದೆದುರಿನ ಮೇಜು

ಇಂಥ ಕಡೆ ಊಟವೆಂದರೆ ನನಗೆ ಮೊದಲಿನಿಂದಲೂ ಅನುಮಾನ. ದೊಡ್ಡ ತಟ್ಟೆ, ನಡುವೆ ಅಂಗುಷ್ಠದಷ್ಟು ಆಹಾರ, ಅದರ ಮೇಲೊಂದು ಹೂವು. ಆ ಅನುಮಾನದೊಂದಿಗೇ ಒಳಗೆ ಹೋದೆ. ಗೋಡೆಗಳಿಗೆ ಕೆಂಪು ಮಣ್ಣಿನ ಬಣ್ಣ, ಕಿಟಕಿಯ ಆಚೆ ಬೂದು ಸಮುದ್ರ, ದೂರದಲ್ಲಿ ನಿಂತ ಹಡಗುಗಳು. ಬಸವರಾಜ ಒಂದೊಂದರ ಜಾತಿಯನ್ನು ಹೇಳತೊಡಗಿದ. ಶಕುಂತಲಾ ಅವನ ಕೈ ಇಳಿಸಿದಳು.

ಮೊದಲು ಬಂದದ್ದು ರೂಪಾಯಿ ನಾಣ್ಯದಷ್ಟು ಪೆಸರಟ್ಟು, ಹೆಸರುಕಾಳಿನ ದೋಸೆ. ಬೆರಳಿಗೆ ಹತ್ತಿದ್ದಕ್ಕಿಂತ ಬಾಯಿಗೆ ಹೋದದ್ದು ಕಡಿಮೆ ಅನ್ನಿಸುವಷ್ಟು ಸಣ್ಣದು. ಆದರೆ ಆ ಒಂದು ತುತ್ತಿನೊಳಗೆ ಶುಂಠಿ, ಜೀರಿಗೆ, ಈರುಳ್ಳಿ ಒಂದಾದ ಮೇಲೊಂದು ಬಂದು ಹೋದವು. ಆಮೇಲೆ ಹುರುಳಿಯ ಕಟ್ಟು. ಅವರು ಉಲವಚಾರು ಅನ್ನುತ್ತಾರೆ. ನಮ್ಮಲ್ಲಿ ಅದನ್ನು ಅನ್ನಕ್ಕೆ ಸುರಿದುಕೊಂಡು ಸೊರ್ ಅಂತ ಎಳೆಯುತ್ತೇವೆ. ಇಲ್ಲಿ ಅದು ಸಣ್ಣ ಪಿಂಗಾಣಿ ಬಟ್ಟಲಲ್ಲಿ, ಮೇಲೆ ಒಂದು ಎಳೆ ಕೆನೆ ತೇಲಿಸಿಕೊಂಡು ಬಂತು. ಅಷ್ಟು ಗಟ್ಟಿಯಾದ, ಹೊಗೆಯ ವಾಸನೆಯ, ಹುಳಿಯೂ ಸಿಹಿಯೂ ಆದ ಹುರುಳಿಯನ್ನು ನಾನು ಉಂಡಿರಲಿಲ್ಲ. ಬಟ್ಟಲನ್ನು ಎತ್ತಿ ಕುಡಿಯಬಹುದೋ ಇಲ್ಲವೋ ಗೊತ್ತಾಗದೆ ಸುತ್ತ ನೋಡಿದೆ. ಪಕ್ಕದ ಮೇಜಿನ ಅಜ್ಜಿ ಎತ್ತಿ ಕುಡಿಯುತ್ತಿದ್ದರು. ನಾನೂ ಕುಡಿದೆ.

ಎಳೆ ಹಲಸಿನಕಾಯಿಯ ಕೊಚ್ಚಿದ ಪಲ್ಯ ಸಾಸಿವೆಯ ಖಾರದೊಂದಿಗೆ ಬಂತು, ಜೊತೆಗೆ ಗೋಂಗೂರ, ಅಂದರೆ ನಮ್ಮ ಪುಂಡಿಪಲ್ಯ. ಅದು ಹಿಮದ ಪುಡಿಯ ಹಾಗೆ ತಣ್ಣಗಿತ್ತು. ಬಡಿಸುವ ಹುಡುಗಿ ಪ್ರತಿಯೊಂದಕ್ಕೂ ಕಥೆ ಹೇಳಿದಳು. ಹಲಸಿನಕಾಯಿಯನ್ನು ಕೊಚ್ಚುವ ಕೆಲಸ ಗೋದಾವರಿ ಜಿಲ್ಲೆಯ ಒಬ್ಬ ಅಡುಗೆಯವರ ತಂದೆಯದು, ಈಗಲೂ ಹಬ್ಬಕ್ಕೆ ಅವರೇ ಕೊಚ್ಚುತ್ತಾರೆ, ಬೇರೆ ಯಾರ ಕೈಗೂ ಕತ್ತಿ ಕೊಡುವುದಿಲ್ಲ. ಕಥೆ ಉದ್ದವಿರಲಿಲ್ಲ, ಬಣ್ಣ ಬಳಿದಿರಲಿಲ್ಲ. ನನ್ನ ಅನುಮಾನ ನಿಧಾನಕ್ಕೆ ಕರಗಿತು. ತಟ್ಟೆ ದೊಡ್ಡದು ನಿಜ. ಆದರೆ ಅದರ ನಡುವಿನ ಸಣ್ಣ ವಸ್ತುವನ್ನು ಯಾರೋ ಬಹಳ ಹೊತ್ತು ಯೋಚಿಸಿ ಇಟ್ಟಿದ್ದರು.

ಕೊನೆಗೆ ಪಲ್ಲವಿಯೇ ಬಂದಳು, ಬಿಳಿ ಕೋಟು, ತಲೆಗೆ ಬಟ್ಟೆ. ಅವಳ ಹಿಂದೆ ಪ್ರಸಾದ್. ಐವತ್ತರ ಆಸುಪಾಸು, ಸಣಕಲು ಮೈ. ನಮ್ಮೆದುರಿನ ಕುರ್ಚಿ ಎಳೆದು ಕೂತರು. ನಾವು ಇಂಗ್ಲಿಷಿನಲ್ಲಿ ಮಾತಾಡಿದೆವು, ನಡುವೆ ಅವರ ತೆಲುಗು. ನನಗೆ ಅದೆಲ್ಲ ಈಗ ಕನ್ನಡದಲ್ಲೇ ನೆನಪಿದೆ, ಆದ್ದರಿಂದ ಮಾತಿಗೆ ಮಾತು ಸರಿ ಅಂತ ನಾನು ಹೇಳಲಾರೆ.

ಕಪ್ಪು ಬಟ್ಟಲಿನಲ್ಲಿ ಮಾದಲಿ ಬಂತು. ತಿಳಿಯದವರಿಗೆ ಹೇಳಬೇಕೆಂದರೆ, ಗೋಧಿ ಮತ್ತು ಕಡಲೆಬೇಳೆಯ ತರಿ ಹಿಟ್ಟಿನಿಂದ ದಪ್ಪ ರೊಟ್ಟಿ ಮಾಡಿ, ಹಂಚಿನ ಮೇಲೆ ಬೇಯಿಸಿ, ಅದನ್ನು ಮುರಿದು ಪುಡಿ ಮಾಡಿ, ಬೆಲ್ಲ, ಏಲಕ್ಕಿ, ಗಸಗಸೆ, ಒಣಕೊಬ್ಬರಿ ಬೆರೆಸಿದರೆ ಮಾದಲಿ. ಹಾಲು ತುಪ್ಪ ಹಾಕಿಕೊಂಡು ತಿನ್ನುತ್ತೇವೆ. ಪಲ್ಲವಿಯ ಮಾದಲಿ ಕಾಫಿಪುಡಿಯಷ್ಟು ಕಂದಾಗಿತ್ತು. ಹಾಲಿನ ಬದಲು ಹಾಲಿನ ಮಂಜಿನ ತೆಳು ಪದರ. ಅನಕಾಪಲ್ಲಿ ಬೆಲ್ಲದ ಗಾಜಿನಂಥ ಹಾಳೆಯೊಂದು ಮೇಲೆ ನಿಂತಿತ್ತು. ಅವಳು ಬಿಸಿ ತುಪ್ಪ ಸುರಿದಾಗ ಅದು ಚಟ್ಟಂತ ಒಡೆದು ಒಳಗೆ ಬಿತ್ತು.

"ಇದು ನಮ್ಮಜ್ಜಿಯ ಮಾದಲಿ" ಅಂತ ತೆಲುಗಿನಲ್ಲಿ ಶುರು ಮಾಡಿದಳು. "ಅವರು ರೊಟ್ಟಿಯನ್ನು ಬೇಕೆಂದೇ ಕರಕಾಗಿಸುತ್ತಿದ್ದರು. ಆ ಕಹಿ ಇಲ್ಲದೆ ನಮ್ಮ ಮನೆಯಲ್ಲಿ ಮಾದಲಿಯೇ ಇಲ್ಲ."

ತಿಂದೆ. ತಣ್ಣಗೆ, ಬಿಸಿ, ಬೆಲ್ಲ, ಅದರ ಬೆನ್ನಿಗೇ ತೆಳುವಾದ ಕಹಿ, ಕಹಿ ಹೋಗುವ ಹೊತ್ತಿಗೆ ಏಲಕ್ಕಿ. ಬಾಲ್ಯದಿಂದ ತಿಂದ ಒರಟು ಸಿಹಿಯೊಂದು ಇಷ್ಟು ಎತ್ತರ ಏರಬಹುದು ಅಂತ ನಾನು ಊಹಿಸಿರಲಿಲ್ಲ.

"ಹೇಗಿದೆ ಸಾರ್?" ಪ್ರಸಾದ್ ಕೇಳಿದರು.

"ಇಷ್ಟು ಒಳ್ಳೆಯ ಸಿಹಿಯನ್ನು ನಾನು ತಿಂದಿಲ್ಲ" ಅಂದೆ. ಅದು ನಿಜ.

"ನಿಮ್ಮ ತಾಯಿ ಮಾಡುತ್ತಿದ್ದುದು ಹೀಗೆಯೇ?"

ಇಲ್ಲಿಂದ ಮುಂದಿನದಕ್ಕೇ ಮೂರು ಸಾಕ್ಷಿಗಳಿರುವುದು. ನನ್ನ ನೆನಪಿನ ಪ್ರಕಾರ ನಾನು ಹೀಗೆ ಹೇಳಿದೆ: ನಮ್ಮವ್ವನ ಮಾದಲಿ ಗೋಧಿಯ ಬಣ್ಣದ್ದು. ಅದರಲ್ಲಿ ಕರಕು ಇರಲಿಲ್ಲ. ಇದ್ದದ್ದು ನನಗೆ ನೆನಪಿಲ್ಲ.

ಶಕುಂತಲಾ ಮೇಜಿನ ಕೆಳಗೆ ಒದ್ದಳು. "ಏನಂತೀ ಅಣ್ಣಾ? ಅವ್ವ ಯಾವಾಗ್ಲೂ ಹಿಂಗ ಮಾಡ್ತಿದ್ಳಲ್ಲ!"

"ನೀ ಯಾವಾಗ ತಿಂದದ್ದ ಹೇಳಾಕತ್ತಿ?"

"ವರ್ಷಾ ವರ್ಷಾ ತಿಂದೀನಿ. ಊರಿಂದ ಡಬ್ಬಿ ತುಂಬ ಬರ್ತಿತ್ತು, ಒಂದ ತಿಂಗಳ ಇಟ್ಕೊಂಡ ತಿಂತಿದ್ವಿ. ಈಕಿ ಹಲ್ಲ ಬರೂಕಿಂತ ಮೊದ್ಲ ಅದನ್ನ ನೆಕ್ಕ್ಯಾಳ. ಕಮರಿದ ವಾಸನಿ ಬಂದ್ರನ ಅವ್ವನ ಡಬ್ಬಿ ಬಂತು ಅಂತ ಗೊತ್ತಾಗ್ತಿತ್ತು."

"ಅದು ಡಬ್ಬಿದಾಗಿನ ಮಾತಾತು. ನಾ ಹೇಳೂದು ಮನ್ಯಾಗ ಗಂಗಾಳಕ್ಕ ಬಡಿಸಿದ್ದು."

"ಮದುವಿಗಿಂತ ಮೊದ್ಲಿಂದು ಯಾರಿಗ ನೆನಪೈತಿ? ಎರಡೂ ಒಂದ ಅಲ್ಲೇನೋ! ಎರಡು ಅವ್ವಂದಿರು ಇದ್ರೇನು ನಮಗ?"

ಪ್ರಸಾದ್ ಪಲ್ಲವಿಯ ಕಡೆ ತಿರುಗಿ, ಇವರು ಏನು ಹೇಳುತ್ತಿದ್ದಾರೆ ಅಂತ ಕೇಳಿದರು. ಅವಳು ಏನು ಬೇಕಾದರೂ ಹೇಳಬಹುದಿತ್ತು. ಆ ಮೇಜಿನಲ್ಲಿ ಕನ್ನಡ ಬಾರದವರು ಅವರೊಬ್ಬರೇ. ನನಗೆ ತೆಲುಗು ಅರ್ಥವಾಗುವಷ್ಟು ಬರುತ್ತದೆ, ಅದು ಅವಳಿಗೆ ಗೊತ್ತಿರಲಿಲ್ಲ. ಅವಳು ಬಟ್ಟಲನ್ನೇ ನೋಡುತ್ತ ಹೇಳಿದಳು: "ಅಜ್ಜಿ ಕರಕಾಗಿಸುತ್ತಿರಲಿಲ್ಲ ಅಂತ ಮಾಮ ಅನ್ನುತ್ತಿದ್ದಾರೆ. ಕರಕಾಗಿಸುತ್ತಿದ್ದರು ಅಂತ ಅಮ್ಮ ಅನ್ನುತ್ತಿದ್ದಾರೆ. ನಾನು ತಿಂದದ್ದು ಊರಿಂದ ಡಬ್ಬಿಯಲ್ಲಿ ಬಂದದ್ದು ಮಾತ್ರ. ಅಜ್ಜಿಯ ಮನೆಯಲ್ಲಿ ನಾನು ಒಮ್ಮೆಯೂ ತಿಂದಿಲ್ಲ." ತನಗೆ ಅನುಕೂಲವಾಗುವ ಒಂದು ಮಾತನ್ನೂ ಕೂಡಿಸಲಿಲ್ಲ, ಅನಾನುಕೂಲದ ಒಂದು ಮಾತನ್ನೂ ಬಿಡಲಿಲ್ಲ.

ಆಗ ನನಗೆ ಇನ್ನೊಂದು ನೆನಪು ಬಂತು. ಹುಬ್ಬಳ್ಳಿ ಸ್ಟೇಷನ್ನಿಗೆ ಆ ಡಬ್ಬಿಯನ್ನು ಹೊತ್ತುಕೊಂಡು ಹೋದದ್ದು, ಮುಚ್ಚಳ ತೆಗೆದು ಒಂದು ಹಿಡಿ ಕದ್ದದ್ದು, ಬಾಯಲ್ಲಿ ಕಹಿ. ಅದನ್ನು ಹೇಳಿದ್ದರೆ ಹುಡುಗಿ ಗೆದ್ದುಬಿಡುತ್ತಿದ್ದಳು. ಆದರೆ ಆ ನೆನಪು ಹಳೆಯದೋ, ಎದುರಿನ ಬಟ್ಟಲಿನಿಂದ ಆ ಕ್ಷಣ ಹುಟ್ಟಿದ್ದೋ ನನಗೆ ಗೊತ್ತಿರಲಿಲ್ಲ. ಹೇಳಲಿಲ್ಲ.

ಪ್ರಸಾದ್ ತಮ್ಮ ಪಾಲಿನ ಮಾದಲಿಯನ್ನು ಪೂರ್ತಿ ತಿಂದು ಚಮಚ ಕೆಳಗಿಟ್ಟರು. "ಸಿಹಿಯ ಮಾತಿಲ್ಲ, ಇದು ಕಾರ್ಡಿನಲ್ಲಿ ಇರಬೇಕಾದದ್ದು. ಆದರೆ ಕಥೆ ನಿಂತಿಲ್ಲ. ಸೋಮವಾರದೊಳಗೆ ನಿಜ ಗೊತ್ತಾದರೆ ಹಾಕೋಣ. ಇಲ್ಲದಿದ್ದರೆ ಮುಂದಿನ ಸಲ." ಎದ್ದು, ಪಲ್ಲವಿಯ ಭುಜ ತಟ್ಟಿ ಹೋದರು.

ಕಾರಿನಲ್ಲಿ ಬಸವರಾಜ ಅಂದ: "ಒಂದ ಸಲ ಹ್ಞೂಂ ಅಂದಿದ್ರ ಮುಗೀತಿತ್ತಲ್ರಿ, ಅಣ್ಣಾರ."

"ಆಂವಗ ಹ್ಞೂಂ ಅನ್ನೂದು ಕಲಿಸಿಲ್ಲ ಯುನಿವರ್ಸಿಟ್ಯಾಗ" ಅಂದಳು ಶಕುಂತಲಾ, ಕಿಟಕಿಯ ಕಡೆ ಮುಖ ಮಾಡಿ.

ಅಣ್ಣಿಗೇರಿ

ಅವ್ವನ ಜೊತೆ ಹಂಚಿನ ಮುಂದೆ ಕೂತವರಲ್ಲಿ ಉಳಿದಿರುವುದು ಚಿಗವ್ವ ಒಬ್ಬಳೇ, ಅವ್ವನ ತಂಗಿ. ಅಣ್ಣಿಗೇರಿಯಲ್ಲಿದ್ದಾಳೆ. ಫೋನಿನಲ್ಲಿ ಅವಳಿಗೆ ಕೇಳಿಸುವುದಿಲ್ಲ. ಪಕ್ಕದ ಮನೆಯವರ ಕಡೆಯಿಂದ ಕೇಳಿಸುತ್ತೇನೆ ಅಂದಳು ಶಕುಂತಲಾ. ಬೇಡ ಅಂದೆ, ಅವಳು ಪ್ರಶ್ನೆಯ ಜೊತೆ ಉತ್ತರವನ್ನೂ ಹೇಳಿಕೊಡುತ್ತಾಳೆ. ಮರುದಿನವೇ ರೈಲು ಹತ್ತಿದೆ. ಶನಿವಾರ ಮಧ್ಯಾಹ್ನ ಅಣ್ಣಿಗೇರಿ ಮುಟ್ಟಿದೆ.

ಚಿಗವ್ವ ಹೊರಸಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕರಕಿನ ಮಾತು ಎತ್ತಲಿಲ್ಲ. ಬಣ್ಣದ ಮಾತೂ ಎತ್ತಲಿಲ್ಲ. "ಚಿಗವ್ವಾ, ಅವ್ವ ಮಾದಲಿ ಹೆಂಗ ಮಾಡ್ತಿದ್ಳು?" ಅಂತ ಮಾತ್ರ ಕೇಳಿದೆ, ಕಿವಿಯ ಹತ್ತಿರ ಹೋಗಿ, ಜೋರಾಗಿ.

"ಯಾವ ಮಾದಲೀಲೇ? ಮನೀದೋ, ಶಕ್ಕೂದೋ?"

"ಎರಡೂ ಹೇಳು" ಅಂದೆ.

"ಮನೀದಾದ್ರ ಒಂದ ಸಲ ಬೇಸೂದು, ಮುರಿಯೂದು. ಶಕ್ಕೂಂದು ಹಂಗಲ್ಲ. ಮುರದ ಮ್ಯಾಲ ಮತ್ತ ಹಂಚಿಗೆ ಹಾಕಿ ಕರಕ ಆಗೂತನ ಹುರೀಬೇಕು. ಹಸಿ ಉಳದ್ರ ಬೂಸಲ ಹಿಡೀತೈತಿ. ಎರಡ ದಿನ ರೈಲು, ಆಮ್ಯಾಲ ಆ ಸಮುದ್ರದ ಗಾಳಿ." ಬೆಳ್ಳುಳ್ಳಿಯ ಸಿಪ್ಪೆ ಊದಿದಳು. "ಡಬ್ಬಿ ತುಂಬಿದ ಮ್ಯಾಲ ನಿಮ್ಮವ್ವಂದು ಒಂದ ಹಾಡು. ಇಲ್ಲಿದ್ದವ್ರು ಚೊಲೋದು ತಿಂತೀರಿ, ನನ್ನ ಹುಡುಗಿ ಪರದೇಶದಾಗ ಹೊತ್ತಿದ್ದು ತಿನಬೇಕಾತಲ್ಲ ಅಂತ. ಪ್ರತಿ ವರ್ಷ ಅಳೂದು."

ಹೊರಗೆ ಬಂದು ಪಲ್ಲವಿಗೆ ಫೋನ್ ಮಾಡಿ, ಚಿಗವ್ವ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ. ಅವಳು "ಅಮ್ಮಾ, ಇಲ್ಲಿ ಬಾ" ಅಂತ ತೆಲುಗಿನಲ್ಲಿ ಕೂಗಿದ್ದು ಕೇಳಿಸಿತು. ಶಕುಂತಲಾ ಫೋನ್ ತೆಗೆದುಕೊಂಡಳು. ಅವಳು ಅತ್ತಳು ಅಂತ ನನಗನ್ನಿಸಿತು. ಅವಳು ಇಲ್ಲ ಅನ್ನುತ್ತಾಳೆ, ನೆಗಡಿಯಾಗಿತ್ತಂತೆ.

ಸೋಮವಾರ ಕಾರ್ಡು ಅಚ್ಚಾಯಿತು, ಮಾದಲಿ ಅದರಲ್ಲಿದೆ. ಸಿಹಿಯ ವಿಭಾಗ ಈಗ ಪಲ್ಲವಿಯದು. ಬಡಿಸುವ ಹುಡುಗಿ ಈಗ ಹೇಳುವ ಕಥೆ ಮೊದಲಿನದಕ್ಕಿಂತ ಚಿಕ್ಕದಂತೆ. ನಾನು ಎದ್ದು ನಿಂತಿದ್ದೆನೋ ಕೂತಿದ್ದೆನೋ, ಬಸವರಾಜ ದುವ್ವಾಡ ಅಂತ ಮೂರು ಸಲ ಹೇಳಿದ್ದನೋ ಇಲ್ಲವೋ, ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ನಾನು ಡಬ್ಬಿಗೆ ಕೈ ಹಾಕಿದ್ದೆನೋ, ಯಾವುದಕ್ಕೂ ನಾನು ಪ್ರಮಾಣ ಮಾಡಲಾರೆ. ವಿಚಾರಿಸಿ ಖಚಿತ ಮಾಡಿಕೊಂಡದ್ದು ಇದೊಂದನ್ನೇ: ವಿಶಾಖಪಟ್ಟಣಕ್ಕೆ ಹೋಗುವ ಮಾದಲಿಯನ್ನು ನಮ್ಮವ್ವ ಎರಡು ಸಲ ಹಂಚಿಗೆ ಹಾಕುತ್ತಿದ್ದಳು, ಮನೆಯಲ್ಲಿದ್ದ ನಮಗೆ ಒಂದೇ ಸಲ.